ಕೇಳಿ ನೋಡೋದಕ್ಕೂ ದುಡ್ಡಾ? ಆಡಿಯೊ ಅಂಗಡಿಯ ಡೆಮೊ ಶುಲ್ಕದ ಒಳಲೆಕ್ಕ

ಒಂದು ಜೊತೆ ಒಳ್ಳೆಯ ಸ್ಪೀಕರ್ ಕೊಳ್ಳೋಣ ಅಂತ ಅಂಗಡಿಗೆ ಫೋನ್ ಮಾಡುತ್ತೀರಿ. "ಬನ್ನಿ, ಆದರೆ ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕು. ಒಂದು ಗಂಟೆ ಕೇಳೋದಕ್ಕೆ ಇಷ್ಟು ಶುಲ್ಕ. ಕೊಂಡರೆ ಬಿಲ್ಲಿನಲ್ಲಿ ಕಳೆಯುತ್ತೇವೆ" ಅಂತ ಆ ಕಡೆಯಿಂದ ಉತ್ತರ ಬರುತ್ತದೆ. ಮೊದಲ ಸಲ ಇದನ್ನು ಕೇಳಿದವರಿಗೆ ಸಿಟ್ಟು ಬರೋದು ಸಹಜ. ಕೊಳ್ಳೋಕೆ ಅಂತಲೇ ಬರುವವರ ಹತ್ತಿರ ಬಾಗಿಲಲ್ಲೇ ಟಿಕೆಟ್ ಕೇಳಿದ ಹಾಗೆ, ಅಲ್ವಾ?

ಸಿಟ್ಟು ಸರಿಯೋ ತಪ್ಪೋ ಆಮೇಲೆ ನೋಡೋಣ. ಈ ದುಡ್ಡು ಯಾತಕ್ಕೆ, ಯಾರ ಜೇಬಿನಿಂದ ಮುಂಚೆ ಹೋಗುತ್ತಿತ್ತು, ಕೊಟ್ಟರೆ ನಮಗೆ ಏನು ಸಿಗಬೇಕು, ಇಷ್ಟು ಗೊತ್ತಾದರೆ ಕೊಡೋದೋ ಬಿಡೋದೋ ಅಂತ ನೀವೇ ತೀರ್ಮಾನ ಮಾಡಬಹುದು.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಕೇಳೋದಕ್ಕೆ ಕಾಸು ಅನ್ನೋದು ಹೊಸ ಕಾಲದ ದುರಾಸೆ ಏನಲ್ಲ. ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ಆ ಯಂತ್ರ ಮನೆಮನೆಗೆ ಬರೋದಕ್ಕಿಂತ ಎಷ್ಟೋ ಮೊದಲೇ, 1889ರ ನವೆಂಬರ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಒಂದು ಮದ್ಯದಂಗಡಿಯಲ್ಲಿ ಲೂಯಿಸ್ ಗ್ಲಾಸ್ ಅನ್ನುವವರು ಅದಕ್ಕೆ ಕಾಸು ಹಾಕುವ ಕಿಂಡಿ ಕೂರಿಸಿದರು. ಐದು ಸೆಂಟ್ ಹಾಕಿ, ಕೊಳವೆ ಕಿವಿಗೆ ಇಟ್ಟುಕೊಂಡು, ಒಂದು ಹಾಡು ಕೇಳಬೇಕು. ಅಂದರೆ ಧ್ವನಿಮುದ್ರಣದ ವ್ಯಾಪಾರ ಚಿಗುರಿದ ದಿನಗಳಲ್ಲೇ ಜನ ಕೇಳೋದಕ್ಕೆ ಕಾಸು ಕೊಟ್ಟಿದ್ದಾರೆ. ಆದರೆ ಅಲ್ಲಿ ಕೇಳೋದೇ ಸರಕು. ಈಗ ಕೇಳೋದು ಸರಕಿನ ಪರೀಕ್ಷೆ. ತಕರಾರು ಹುಟ್ಟೋದು ಅಲ್ಲೇ.

ಕೇಳದೆ ಯಾಕೆ ಕೊಳ್ಳೋಕಾಗಲ್ಲ

ಫಿಲಿಪ್ ನೆಲ್ಸನ್ ಅನ್ನುವ ಅರ್ಥಶಾಸ್ತ್ರಜ್ಞ 1970ರಲ್ಲಿ ಸರಕುಗಳನ್ನು ಎರಡು ಜಾತಿ ಮಾಡಿದರು. ಕೆಲವನ್ನು ನೋಡಿಯೇ ಅಳೆಯಬಹುದು: ಮೇಜಿನ ಉದ್ದ, ಚೀಲದ ಬಣ್ಣ. ಇನ್ನು ಕೆಲವನ್ನು ಬಳಸದೆ ತಿಳಿಯೋಕಾಗಲ್ಲ: ಹಾಸಿಗೆ, ಸುಗಂಧ. ಇವನ್ನು ಅನುಭವದ ಸರಕು ಅನ್ನೋಣ.

ಸ್ಪೀಕರ್ ಎರಡನೆಯ ಜಾತಿಗೆ ಸೇರಿದ್ದು. ಡಬ್ಬದ ಮೇಲೆ ಇಷ್ಟು ವ್ಯಾಟ್, ಇಷ್ಟು ಓಮ್ ಅಂತ ಬರೆದಿರುತ್ತಾರೆ. ಆ ಅಂಕಿಗಳು ಸುಳ್ಳಲ್ಲ, ಆದರೆ ಅವನ್ನು ಓದಿ ಗಾಯಕಿಯ ದನಿ ಎದುರಿಗೆ ನಿಂತ ಹಾಗೆ ಕೇಳುತ್ತದೋ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೋ ಅಂತ ಊಹಿಸೋದು ಸಾಮಾನ್ಯರಿಗೆ ಕಷ್ಟ. ಅದಕ್ಕೇ ಡೆಮೊ ಬೇಕು. ಡೆಮೊ ಅಂದರೆ ಕೊಳ್ಳುವ ಮುಂಚೆ ಅಂಗಡಿಯಲ್ಲಿ ಕೂತು, ನಮಗೆ ಗೊತ್ತಿರುವ ಹಾಡು ಹಾಕಿಸಿ, ಸಾವಧಾನವಾಗಿ ಕೇಳಿ ನೋಡೋದು.

ಇಲ್ಲೊಂದು ವಿಚಿತ್ರ ಇದೆ. ಡೆಮೊ ಮುಗಿದ ಕ್ಷಣ ಆ ಅನುಭವದ ಸರಕು ಸಾದಾ ಸರಕಾಗಿಬಿಡುತ್ತದೆ. ನಿಮಗೆ ಬೇಕಾದ ಮಾಡೆಲ್ ಯಾವುದು ಅಂತ ಗೊತ್ತಾಯಿತು. ಇನ್ನು ಉಳಿದಿರೋದು ಅದು ಎಲ್ಲಿ ಕಡಿಮೆಗೆ ಸಿಗುತ್ತದೆ ಅನ್ನೋದಷ್ಟೇ. ಕಷ್ಟಪಟ್ಟು ಕೇಳಿಸಿದವನ ಕೈಲಿ ಏನೂ ಉಳಿಯಲಿಲ್ಲ, ತಿಳಿವಳಿಕೆ ಪೂರ್ತಿ ನಿಮ್ಮ ತಲೆಯಲ್ಲಿ ಹೊರಗೆ ನಡೆಯಿತು.

ಪುಕ್ಕಟೆ ಡೆಮೊ ಪುಕ್ಕಟೆ ಆಗಿರಲೇ ಇಲ್ಲ

ಕನ್ನಡಕದ ಅಂಗಡಿ ನೆನಪು ಮಾಡಿಕೊಳ್ಳಿ. ಎಷ್ಟೋ ಕಡೆ ಕಣ್ಣಿನ ಪರೀಕ್ಷೆ ಉಚಿತ ಅಂತ ಬೋರ್ಡ್ ಹಾಕಿರುತ್ತಾರೆ. ಪರೀಕ್ಷೆ ಮಾಡುವವರಿಗೆ ಸಂಬಳ ಇದೆ, ಯಂತ್ರಕ್ಕೆ ದುಡ್ಡು ಹಾಕಿದ್ದಾರೆ. ಅದೆಲ್ಲ ಫ್ರೇಮು ಮತ್ತು ಗಾಜಿನ ಬೆಲೆಯೊಳಗೆ ಸೇರಿಕೊಂಡಿರುತ್ತದೆ. ನೀವು ನಂಬರ್ ಬರೆಸಿಕೊಂಡು ಬೇರೆ ಕಡೆ ಕನ್ನಡಕ ಮಾಡಿಸಿದರೆ ಆ ಪರೀಕ್ಷೆಯ ಖರ್ಚನ್ನು ಯಾರೋ ಮತ್ತೊಬ್ಬ ಗಿರಾಕಿ ಹೊರುತ್ತಾನೆ.

ಆಡಿಯೊ ಅಂಗಡಿಯಲ್ಲೂ ಇದೇ ಲೆಕ್ಕ. ಅಂಗಡಿಯವನು ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ, ಅಂದರೆ ಮಾರ್ಜಿನ್, ಅದರಲ್ಲೇ ಡೆಮೊ ಕೋಣೆ, ಅಲ್ಲಿ ಕೂತ ಮನುಷ್ಯ, ಅವನು ಕೊಡುವ ಸಲಹೆ ಎಲ್ಲ ಅಡಗಿತ್ತು. ಕೇಳಿದ ಕಡೆಯೇ ಕೊಳ್ಳುವ ಕಾಲದಲ್ಲಿ ಯಾರಿಗೂ ಇದು ಕಾಣಿಸಲಿಲ್ಲ.

ಇದು ಹಾದಿ ತಪ್ಪಬಹುದು ಅಂತ ಇಂಟರ್ನೆಟ್ ಹುಟ್ಟುವ ಮುಂಚೆಯೇ ಹೇಳಿದವರಿದ್ದಾರೆ. 1960ರಲ್ಲಿ ಲೆಸ್ಟರ್ ಟೆಲ್ಸರ್ ಅನ್ನುವ ಅರ್ಥಶಾಸ್ತ್ರಜ್ಞ ಬರೆದದ್ದರ ಸಾರ ಇಷ್ಟು: ಒಂದು ಅಂಗಡಿ ಚೆನ್ನಾಗಿ ವಿವರಿಸಿ ತೋರಿಸುತ್ತದೆ, ಪಕ್ಕದ ಅಂಗಡಿ ಏನೂ ಮಾಡದೆ ಬೆಲೆ ಮಾತ್ರ ಇಳಿಸುತ್ತದೆ. ಗಿರಾಕಿ ಮೊದಲನೆಯದರಲ್ಲಿ ಕಲಿತು ಎರಡನೆಯದರಲ್ಲಿ ಕೊಳ್ಳುತ್ತಾನೆ. ಕೊನೆಗೆ ಮೊದಲನೆಯವನೂ ತೋರಿಸೋದು ನಿಲ್ಲಿಸುತ್ತಾನೆ. ಬಿಟ್ಟಿ ಸವಾರಿ ಅಂತಾರಲ್ಲ, ಅದು ಇದೇ. ಆಗ "ಪಕ್ಕದ ಅಂಗಡಿ"ಗೆ ಹೋಗೋಕೆ ನಾಲ್ಕು ಹೆಜ್ಜೆಯಾದರೂ ಇಡಬೇಕಿತ್ತು. ಈಗ ಅಂಗಡಿಯ ಸೋಫಾದಲ್ಲಿ ಕೂತೇ ಫೋನಿನಲ್ಲಿ ಬೆಲೆ ನೋಡಬಹುದು. ಅಂಗಡಿಯಲ್ಲಿ ಪರೀಕ್ಷಿಸಿ ಆನ್‌ಲೈನ್‌ನಲ್ಲಿ ಕೊಳ್ಳುವ ಈ ಚಾಳಿಗೆ ವ್ಯಾಪಾರದವರು ಶೋರೂಮಿಂಗ್ ಅಂತ ಹೆಸರಿಟ್ಟಿದ್ದಾರೆ.

ಹಾಗಾಗಿ ಡೆಮೊ ಶುಲ್ಕ ಅನ್ನೋದು ಹೊಸ ಖರ್ಚಲ್ಲ. ಒಂದೇ ಬಿಲ್ಲಿನಲ್ಲಿ ಅಂಟಿಕೊಂಡಿದ್ದ ಎರಡು ಸಾಮಾನುಗಳನ್ನು, ಪೆಟ್ಟಿಗೆ ಒಂದು, ಕೇಳಿಸುವ ಕೆಲಸ ಇನ್ನೊಂದು, ಬೇರೆ ಬೇರೆ ಮಾಡಿ ಎರಡಕ್ಕೂ ಚೀಟಿ ಅಂಟಿಸಿದ್ದಾರೆ. ಹಾಗೆ ಬೇರೆ ಮಾಡಿದ ಮೇಲೆ ಪೆಟ್ಟಿಗೆಯ ಬೆಲೆ ಇಳಿಯಬೇಕಲ್ವಾ ಅಂತ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ. ಎಲ್ಲ ಕಡೆ ಇಳಿಯೋದಿಲ್ಲ.

ಆ ಒಂದು ಗಂಟೆಯ ಹಿಂದೆ ಏನೇನಿದೆ

ನಮಗೆ ಕಾಣೋದು ಒಬ್ಬರು ಬಂದು ಪ್ಲೇ ಒತ್ತಿದ್ದು. ಅದರ ಹಿಂದಿನ ಕೆಲಸ ಹೀಗಿರುತ್ತದೆ.

ದೊಡ್ಡ ಸ್ಪೀಕರ್‌ಗಳು ಒಂದೊಂದೂ 50 ಕಿಲೊ ದಾಟುತ್ತವೆ. ಒಂದು ಜೊತೆ ತೆಗೆದು ಇನ್ನೊಂದು ಇಡೋಕೆ ಇಬ್ಬರು ಬೇಕು. ಇಟ್ಟ ಮೇಲೆ ಗೋಡೆಯಿಂದ ಎಷ್ಟು ದೂರ, ಕೇಳುವವರ ಕಡೆ ಎಷ್ಟು ತಿರುಗಬೇಕು ಅಂತ ಇಂಚಿಂಚು ಸರಿ ಮಾಡಬೇಕು, ಯಾಕಂದರೆ ಕೆಲವು ಸೆಂಟಿಮೀಟರ್ ಆಚೀಚೆಯಾದರೂ ಬಾಸ್, ಅಂದರೆ ತಗ್ಗಿನ ದಪ್ಪ ಸದ್ದು, ಬದಲಾಗುತ್ತದೆ. ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್ ಹಳೇ ರೇಡಿಯೊದ ಹಾಗೆ ಗಾಜಿನ ವಾಲ್ವ್‌ಗಳದ್ದಾದರೆ ಗಿರಾಕಿ ಬರುವ ಅರ್ಧ ಗಂಟೆ ಮುಂಚೆಯೇ ಹಚ್ಚಿ ಬಿಸಿಯಾಗೋಕೆ ಬಿಡುತ್ತಾರೆ. ಇನ್ನು ಜೋಡಿಯ ಲೆಕ್ಕ ನೋಡಿ: ಅಂಗಡಿಯಲ್ಲಿ 5 ಆಂಪ್ಲಿಫೈಯರ್, 8 ಜೊತೆ ಸ್ಪೀಕರ್ ಇದ್ದರೆ 40 ಜೋಡಿ ಆಯಿತು. ನಿಮಗೆ ಬೇಕಾದ ಜೋಡಿ ಆಗಲೇ ಕೂಡಿಸಿಟ್ಟಿರುವ ಸಾಧ್ಯತೆ ಕಡಿಮೆ.

ಸವೆತ ಬೇರೆ. ರೆಕಾರ್ಡ್ ಪ್ಲೇಯರಿನ ಸೂಜಿ ಇದಕ್ಕೆ ಒಳ್ಳೆಯ ಉದಾಹರಣೆ. ತುದಿಯಲ್ಲಿರೋದು ವಜ್ರವೇ ಆದರೂ ಅದರ ಆಯಸ್ಸು ಕೆಲವು ನೂರರಿಂದ ಸಾವಿರ ಗಂಟೆಯ ಆಸುಪಾಸು. ಪ್ರತಿ ಡೆಮೊ ಅದರಲ್ಲಿ ಒಂದು ಚೂರು ತಿನ್ನುತ್ತದೆ. ಅದಕ್ಕಿಂತ ಭಯ, ಸೂಜಿಯನ್ನು ಹಿಡಿದಿರುವ ಕೂದಲೆಳೆಯಂಥ ಕಡ್ಡಿ. ಅಂಗಿಯ ತೋಳು ತಾಗಿದರೆ ಸಾಕು, ಬಾಗಿಹೋಗುತ್ತದೆ, ಆಮೇಲೆ ಅದನ್ನು ಮಾರೋ ಮಾತೇ ಇಲ್ಲ. ಹೆಡ್‌ಫೋನಿನಲ್ಲಿ ಮೆತ್ತೆ ಹಳತಾಗುತ್ತದೆ. ಕಿವಿಯೊಳಗೆ ತೂರಿಸುವ ಇಯರ್‌ಫೋನ್ ಆದರೆ ಪ್ರತಿಯೊಬ್ಬರಿಗೂ ತುದಿಯ ರಬ್ಬರ್ ಬದಲಿಸಬೇಕು, ಇಲ್ಲ ಶುಚಿ ಮಾಡಬೇಕು.

ಡೆಮೊ ಪೀಸುಗಳನ್ನು ಕಂಪನಿ ಸುಮ್ನೆ ಕೊಟ್ಟಿರುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಅಂಗಡಿಯವನೇ ಅದನ್ನು ಕೊಂಡಿರುತ್ತಾನೆ, ಸ್ವಲ್ಪ ರಿಯಾಯಿತಿ ಸಿಕ್ಕಿರಬಹುದು. ದುಡ್ಡು ಅಲ್ಲೇ ಕಟ್ಟಿಹಾಕಿಕೊಂಡಿರುತ್ತದೆ. ಹೊಸ ಮಾಡೆಲ್ ಬಂದ ದಿನ ಹಳೆಯದರ ಬೆಲೆ ಬೀಳುತ್ತದೆ, ಅದನ್ನು ಡೆಮೊ ಪೀಸ್ ಅಂತಲೇ ಕಡಿಮೆಗೆ ಮಾರಬೇಕಾಗುತ್ತದೆ.

ವಾಪಸ್ ಕೊಡುವ ದುಡ್ಡನ್ನು ತಗೊಳ್ಳೋದ್ಯಾಕೆ

ಹೆಚ್ಚಿನ ಅಂಗಡಿಗಳು ಕೊಂಡವರಿಗೆ ಶುಲ್ಕವನ್ನು ಬಿಲ್ಲಿನಲ್ಲಿ ಕಳೆದುಕೊಡುತ್ತವೆ. ಹಾಗಾದರೆ ಲಾಭ ಏನು?

ಲಾಭ ಇರೋದು ಜರಡಿ ಹಿಡಿಯೋದರಲ್ಲಿ. ಸುಮ್ಮನೆ ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: ವಾರಕ್ಕೆ 20 ಜನ ಬಂದು ತಲಾ ಒಂದು ಗಂಟೆ ಕೇಳುತ್ತಾರೆ, 3 ಜನ ಕೊಳ್ಳುತ್ತಾರೆ. 20 ಗಂಟೆಯ ಖರ್ಚನ್ನು ಮೂರು ಬಿಲ್ಲು ಹೊರಬೇಕು, ಹತ್ತಿರ ಹತ್ತಿರ ಒಬ್ಬನ ತಲೆಗೆ 7 ಗಂಟೆ. ಶುಲ್ಕ ಇಟ್ಟ ಮೇಲೆ 8 ಜನ ಬಂದರು, ಅದೇ 3 ಜನ ಕೊಂಡರು ಅನ್ನಿ. ಈಗ ಒಬ್ಬನ ತಲೆಗೆ 3 ಗಂಟೆಗೂ ಕಡಿಮೆ, ಜೊತೆಗೆ ಕೊಳ್ಳದ ಐವರು ತಮ್ಮ ಗಂಟೆಗೆ ತಾವೇ ದುಡ್ಡು ಕೊಟ್ಟಿದ್ದಾರೆ. ಗಟ್ಟಿ ಮನಸ್ಸು ಮಾಡಿ ಬಂದವನಿಗೆ ಶುಲ್ಕ ಸೊನ್ನೆ, ಹೊತ್ತು ಕಳೆಯಲು ಬಂದವನಿಗೆ ಮಾತ್ರ ಅದು ನಿಜವಾದ ಖರ್ಚು. ನಿನ್ನ ಮನಸ್ಸಲ್ಲಿ ಏನಿದೆ ಅಂತ ಅಂಗಡಿಯವನು ಬಾಯಿಬಿಟ್ಟು ಕೇಳಬೇಕಾಗಿಲ್ಲ.

ಜರಡಿ ಅಂದ ಮೇಲೆ ಕಾಳೂ ಕೆಳಗೆ ಬೀಳುತ್ತದೆ. ಈ ವರ್ಷ ಸುಮ್ಮನೆ ಕೇಳಿ, ರುಚಿ ಹತ್ತಿ, ಮೂರು ವರ್ಷ ಬಿಟ್ಟು ಕೊಳ್ಳುವ ಹುಡುಗರಿರುತ್ತಾರೆ. ಶುಲ್ಕದ ಬೋರ್ಡ್ ನೋಡಿ ಅವರು ಬಾಗಿಲಿಗೇ ಬರೋದಿಲ್ಲ. ಆ ನಷ್ಟ ಈ ತಿಂಗಳ ಲೆಕ್ಕದ ಪುಸ್ತಕದಲ್ಲಿ ಕಾಣಿಸೋದಿಲ್ಲ. ಅದಕ್ಕೇ ಕೆಲವು ಅಂಗಡಿಗಳು ಸಾದಾ ಹೆಡ್‌ಫೋನ್, ಸಣ್ಣ ಸ್ಪೀಕರ್‌ಗಳನ್ನು ಎಲ್ಲರಿಗೂ ಬಿಟ್ಟಿಯಾಗಿ ಕೇಳಲು ಬಿಟ್ಟು, ದುಬಾರಿ ಕೋಣೆಗೆ ಮಾತ್ರ ಶುಲ್ಕ ಇಡುತ್ತವೆ.

ಇನ್ನೊಂದು ಪರಿಣಾಮ ನಮ್ಮ ತಲೆಯೊಳಗೆ ನಡೆಯುತ್ತದೆ. ದುಡ್ಡು ಕೊಟ್ಟಾಗಿದೆ, ಕೊಳ್ಳದೆ ಹೋದರೆ ದಂಡ ಅನ್ನಿಸುತ್ತದೆ. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಅನ್ನುವ ಸಂಶೋಧಕರು ನಾಟಕದ ಸೀಸನ್ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಗುಟ್ಟಾಗಿ ರಿಯಾಯಿತಿ ಕೊಡಿಸಿ ನೋಡಿದರು. ಪೂರ್ತಿ ದುಡ್ಡು ಕೊಟ್ಟವರು ಸೀಸನ್ನಿನ ಮೊದಲರ್ಧದಲ್ಲಿ ಹೆಚ್ಚು ನಾಟಕಗಳಿಗೆ ಹೋದರು. ಕೊಟ್ಟ ದುಡ್ಡು ನಮ್ಮನ್ನು ಹಿಂದಿನಿಂದ ತಳ್ಳುತ್ತದೆ. ಅಂಗಡಿಯವನಿಗೆ ಇದು ಗೊತ್ತಿರಲಿ ಬಿಡಲಿ, ಕೆಲಸ ಮಾತ್ರ ಮಾಡುತ್ತದೆ.

ಕಂಪನಿಯೇ ಒಂದೇ ಬೆಲೆ ಅಂತ ಕಟ್ಟು ಹಾಕಿದರೆ?

ಎಲ್ಲ ಕಡೆ ಒಂದೇ ಬೆಲೆ ಇದ್ದರೆ ಕೇಳಿದ ಕಡೆಯೇ ಕೊಳ್ಳುತ್ತಾರೆ, ಶುಲ್ಕದ ಗೋಜೇ ಇರೋದಿಲ್ಲ. ಉಪಾಯ ಸರಿ, ಕಾನೂನು ಅಡ್ಡ ಬರುತ್ತದೆ. ಅಮೆರಿಕದಲ್ಲಿ 1911ರಿಂದ, ಒಂದು ಔಷಧ ಕಂಪನಿಯ ಮೊಕದ್ದಮೆಯ ತೀರ್ಪಿನ ಮೇಲೆ, ಅಂಗಡಿಯವರ ಜೊತೆ ಹಾಗೆ ಒಪ್ಪಂದ ಮಾಡಿಕೊಳ್ಳೋದೇ ಅಕ್ರಮ ಅನ್ನೋದು ಮೂಲ ನಿಯಮವಾಗಿತ್ತು. 2007ರಲ್ಲಿ ಚರ್ಮದ ಸಾಮಾನಿನ ಕಂಪನಿಯೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ, ಒಂದೊಂದು ಪ್ರಕರಣವನ್ನೂ ತೂಗಿ ನೋಡಬೇಕು ಅಂದಿತು. ಟೆಲ್ಸರ್ ಹೇಳಿದ ಬಿಟ್ಟಿ ಸವಾರಿಯ ವಾದ ಅಲ್ಲಿ ಲೆಕ್ಕಕ್ಕೆ ಬಂತು. ಯುರೋಪಿಯನ್ ಒಕ್ಕೂಟದಲ್ಲಿ ಈಗಲೂ ಇದನ್ನು ಪೈಪೋಟಿಗೆ ದೊಡ್ಡ ಪೆಟ್ಟು ಅಂತಲೇ ನೋಡುತ್ತಾರೆ.

ಆನ್‌ಲೈನ್‌ನಲ್ಲಿ ತರಿಸಿ, ಕೇಳಿ, ವಾಪಸ್ ಕಳಿಸಿದರೆ ಆಯ್ತಲ್ವಾ

ಆಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್ ಖರೀದಿಗೆ 14 ದಿನದೊಳಗೆ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕೇ ಇದೆ. ಆದರೆ ಆ ನಿಯಮದೊಳಗೆ ಒಂದು ಸ್ವಾರಸ್ಯ ಇದೆ: ಸರಕನ್ನು ಅಂಗಡಿಯಲ್ಲಿ ಎಷ್ಟರಮಟ್ಟಿಗೆ ಪರೀಕ್ಷಿಸಲು ಬಿಡುತ್ತಾರೋ ಅಷ್ಟೇ ಪರೀಕ್ಷಿಸಬಹುದು, ಅದಕ್ಕಿಂತ ಜಾಸ್ತಿ ಬಳಸಿ ಬೆಲೆ ಇಳಿಸಿದರೆ ಆ ನಷ್ಟ ಗಿರಾಕಿಯದೇ. ಕಾನೂನು ಬರೆದವರಿಗೂ ಅಳತೆಗೋಲು ಸಿಕ್ಕಿದ್ದು ಅಂಗಡಿಯಲ್ಲೇ!

ಹೆಡ್‌ಫೋನಿಗೆ ಈ ದಾರಿ ಸುಲಭ. ಎರಡು ದೊಡ್ಡ ಪೆಟ್ಟಿಗೆ ಸ್ಪೀಕರ್ ಬಿಚ್ಚಿ, ಇಷ್ಟವಾಗದೆ, ಮತ್ತೆ ಅದೇ ಥರ್ಮೊಕೋಲಿನೊಳಗೆ ಕೂರಿಸಿ ಸಾಗಿಸೋದು ಅಂದರೆ ಸೊಂಟ ಹಿಡಿಯುವ ಕೆಲಸ, ಸಾಗಣೆ ಖರ್ಚು ಬೇರೆ. ಕೆಲವು ಅಂಗಡಿಗಳು ಡೆಮೊ ಪೀಸನ್ನೇ ಅಡ್ವಾನ್ಸ್ ಹಿಡಿದುಕೊಂಡು ಕೆಲವು ದಿನಕ್ಕೆ ಮನೆಗೆ ಕಳಿಸುತ್ತವೆ. ನನ್ನನ್ನು ಕೇಳಿದರೆ ಶುಲ್ಕ ಕೊಟ್ಟು ಪಡೆಯಬಹುದಾದ್ದರಲ್ಲಿ ಎಲ್ಲಕ್ಕಿಂತ ಉಪಯೋಗದ್ದು ಇದೇ. ಯಾಕೆ ಅನ್ನೋದಕ್ಕೆ ಕೋಣೆಯ ಕಥೆ ತಿಳಿಯಬೇಕು.

ಅಂಗಡಿಯ ಸದ್ದು ಮನೆಗೆ ಬರುತ್ತಾ

ಸ್ಪೀಕರಿನ ಸದ್ದು ನೇರವಾಗಿ ಕಿವಿಗೆ ಬರೋದು ಸ್ವಲ್ಪ, ಗೋಡೆ, ನೆಲ, ಚಾವಣಿಗೆ ಬಡಿದು ಬರೋದು ಬಹಳ. ಬಚ್ಚಲಮನೆಯಲ್ಲಿ ಹಾಡಿದರೆ ಯಾವುದೋ ಒಂದು ಸ್ವರ ಮಾತ್ರ ಇದ್ದಕ್ಕಿದ್ದಂತೆ ಗುಂಯ್‌ಗುಟ್ಟುತ್ತದಲ್ಲ, ಹಾಗೆ ಪ್ರತಿ ಕೋಣೆಗೂ ತನ್ನದೇ ಸ್ವರಗಳಿರುತ್ತವೆ. ಲೆಕ್ಕ ಸುಲಭ: ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ. 5 ಮೀಟರ್ ಕೋಣೆಗೆ 34 ಹರ್ಟ್ಸ್, ಅಂದರೆ ಸೆಕೆಂಡಿಗೆ 34 ಕಂಪನದ ತಗ್ಗಿನ ಸ್ವರ, ಬರುತ್ತದೆ, ಮೂರೂವರೆ ಮೀಟರ್ ಕೋಣೆಗೆ 49. ಆ ಸ್ವರ ಬಂದಾಗಲೆಲ್ಲ ಕೋಣೆ ತಾನೂ ದನಿಗೂಡಿಸುತ್ತದೆ. ಸಾಮಾನ್ಯ ಮನೆಕೋಣೆಯಲ್ಲಿ ಸುಮಾರು 200-300 ಹರ್ಟ್ಸ್‌ಗಿಂತ ಕೆಳಗಿನ ಸದ್ದಿನ ಮೇಲೆ ಸ್ಪೀಕರಿಗಿಂತ ಕೋಣೆಯದೇ ದರ್ಬಾರು.

ಹಾಗಾಗಿ ಅಂಗಡಿಯಲ್ಲಿ ಕೇಳಿದ ಬಾಸ್ ಅಲ್ಲಿಯದು. ಮಾತಿನ ಸ್ಪಷ್ಟತೆ, ತಂತಿವಾದ್ಯದ ನಯ, ದನಿ ಎಲ್ಲಿ ನಿಂತಿದೆ ಅನ್ನುವ ಭಾವ, ಇವು ಹೆಚ್ಚು ಕಡಿಮೆ ನಿಮ್ಮ ಜೊತೆ ಮನೆಗೆ ಬರುತ್ತವೆ. ಹೆಡ್‌ಫೋನಿಗೆ ಕೋಣೆಯ ಹಂಗಿಲ್ಲ, ಅಂಗಡಿಯಲ್ಲಿ ಕೇಳಿದ್ದೇ ಮನೆಯಲ್ಲೂ. ಇಲ್ಲೇ ಒಂದು ತಮಾಷೆ ನೋಡಿ: ಶೋರೂಮಿಂಗ್ ಅತಿ ಚೆನ್ನಾಗಿ ನಡೆಯೋದು ಹೆಡ್‌ಫೋನಿನಲ್ಲಿ, ಆದರೆ ಕೇಳಿಸುವ ಖರ್ಚು ಜಾಸ್ತಿ ಬೀಳೋದು ಸ್ಪೀಕರಿನಲ್ಲಿ. ಶುಲ್ಕದ ಬೋರ್ಡಿಗೆ ಸ್ಪೀಕರ್ ಕೋಣೆಯಲ್ಲೇ ಹೆಚ್ಚು ಕಾರಣ ಸಿಗೋದು ಇದರಿಂದ.

ಕಿವಿ ಮೋಸ ಹೋಗೋದು ಹೇಗೆ

ದುಡ್ಡು ಕೊಟ್ಟು ಕೇಳುವಾಗ ಎರಡು ಬಲೆಗಳ ಬಗ್ಗೆ ಎಚ್ಚರ ಇರಲಿ.

ಒಂದು, ಜೋರು. ಎರಡು ಸ್ಪೀಕರ್‌ಗಳಲ್ಲಿ ಒಂದು ಬರೀ ಒಂದು ಡೆಸಿಬೆಲ್ (ಸದ್ದಿನ ಜೋರನ್ನು ಅಳೆಯುವ ಮಾನ) ಜೋರಾಗಿದ್ದರೂ ನಮಗೆ ಅದು ಜೋರು ಅಂತ ಅನ್ನಿಸೋದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ. ಸದ್ದು ಸಣ್ಣದಾದಷ್ಟೂ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳಿಸುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಜೋರಾಗಿರುವುದು ತುಂಬಿಕೊಂಡ ಹಾಗೆ ಕೇಳುತ್ತದೆ. ಒಂದೇ ವಾಲ್ಯೂಮ್ ಅಂಕಿಗೆ ತಿರುಗಿಸಿದರೆ ಸಾಲದು, ಒಂದೇ ಆಂಪ್ಲಿಫೈಯರಿನಲ್ಲೂ ಒಂದೊಂದು ಸ್ಪೀಕರ್ ಒಂದೊಂದು ಜೋರಿನಲ್ಲಿ ನುಡಿಯುತ್ತದೆ. ಮೀಟರ್ ಇಟ್ಟು ಸರಿಸಮ ಮಾಡಿ ಅಂತ ಕೇಳಿ. ಶುಲ್ಕ ಕೊಟ್ಟವರಿಗೆ ಇದನ್ನು ಕೇಳೋಕೆ ಸಂಕೋಚ ಬೇಕಾಗಿಲ್ಲ.

ಎರಡು, ಕಣ್ಣು. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಅನ್ನುವ ಸಂಶೋಧಕರು ಹರ್ಮನ್ ಅನ್ನುವ ಆಡಿಯೊ ಕಂಪನಿಯ 40 ಜನರಿಗೆ ನಾಲ್ಕು ಸ್ಪೀಕರ್ ಕೇಳಿಸಿದರು, ಒಮ್ಮೆ ಪರದೆಯ ಹಿಂದೆ, ಒಮ್ಮೆ ಕಣ್ಣೆದುರು. ಕಣ್ಣಿಗೆ ಕಂಡಾಗ ದೊಡ್ಡ, ಠೀವಿಯ ಸ್ಪೀಕರ್‌ಗಳ ಅಂಕ ಏರಿತು, ಚಿಕ್ಕ ಅಗ್ಗದ ಸ್ಪೀಕರಿನ ಅಂಕ ಇಳಿಯಿತು. ಕೇಳಿದವರೆಲ್ಲ ಆಡಿಯೊ ಕಂಪನಿಯಲ್ಲೇ ಕೆಲಸ ಮಾಡುವವರು ಅನ್ನೋದು ನೆನಪಿರಲಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ಇಲ್ಲಿ ಕಾಣದೆ ಇದ್ದರೇ ಪ್ರಮಾಣ.

ಕೋಣೆಯೊಳಗಿನ ಇನ್ನೊಂದು ಸಂಗತಿ. 1973ರಲ್ಲಿ ಶುರುವಾದ ಸ್ಕಾಟ್ಲೆಂಡಿನ ಲಿನ್ ಅನ್ನುವ ಆಡಿಯೊ ಕಂಪನಿ, ಡೆಮೊ ಕೋಣೆಯಲ್ಲಿ ಒಂದೇ ಜೊತೆ ಸ್ಪೀಕರ್ ಇರಬೇಕು ಅಂತ ತನ್ನ ಡೀಲರ್‌ಗಳಿಗೆ ಹಟ ಹಿಡಿಯುತ್ತಿತ್ತು. ಸುಮ್ಮನೆ ಕೂತ ಬೇರೆ ಸ್ಪೀಕರಿನೊಳಗಿನ ಸದ್ದು ಹೊರಡಿಸುವ ಪೊರೆಯೂ ನಡುಗಿ ಸದ್ದು ಕೆಡಿಸುತ್ತದೆ ಅನ್ನೋದು ಅವರ ವಾದ. ಅದರ ಪರಿಣಾಮ ಎಷ್ಟು ಅನ್ನೋದರ ಬಗ್ಗೆ ಜಗಳ ಇದೆ. ಆದರೆ ಕೋಣೆಯನ್ನು ಗೋದಾಮು ಮಾಡದೆ ಒಂದೊಂದೇ ಜೊತೆ ತಂದು ಕೇಳಿಸೋಕೆ ಎಷ್ಟು ಹೊತ್ತು, ಎಷ್ಟು ಕೈ ಬೇಕು ಅಂತ ಯೋಚಿಸಿ, ಶುಲ್ಕದ ಲೆಕ್ಕ ಮತ್ತೆ ಅಲ್ಲಿಗೇ ಬರುತ್ತದೆ.

ದುಡ್ಡು ಕೊಡೋ ಮುಂಚೆ ಕೇಳಬೇಕಾದ್ದು

ಶುಲ್ಕ ಯಾವ ಖರೀದಿಗೆ ಕಳೆಯುತ್ತಾರೆ, ಕೇಳಿದ ಮಾಡೆಲಿಗೆ ಮಾತ್ರವೋ ಅಂಗಡಿಯ ಯಾವ ಸಾಮಾನಿಗಾದರೂ ಸರಿಯೋ, ಎಷ್ಟು ದಿನದೊಳಗೆ ಅನ್ನೋದನ್ನು ಬರವಣಿಗೆಯಲ್ಲಿ ತಗೊಳ್ಳಿ. ಒಂದು ವಾರದ ಗಡುವು ಇದ್ದರೆ ಅದು ನಿಮ್ಮನ್ನು ಅವಸರ ಮಾಡಿಸುತ್ತದೆ. ನಿಮ್ಮ ಮನೆಯ ಆಂಪ್ಲಿಫೈಯರ್ ಯಾವುದು, ಕೋಣೆ ಎಷ್ಟು ದೊಡ್ಡದು ಅಂತ ಮುಂಚೆಯೇ ಹೇಳಿ, ಅದಕ್ಕೆ ಹತ್ತಿರದ ಜೋಡಿ ಕೂಡಿಸಿಡಲು ಹೇಳಿ. ಇಲ್ಲದಿದ್ದರೆ ನಿಮ್ಮ ಗಂಟೆಯಲ್ಲಿ ಇಪ್ಪತ್ತು ನಿಮಿಷ ತಂತಿ ಸಿಕ್ಕಿಸೋದರಲ್ಲೇ ಹೋಗುತ್ತದೆ. ಹಾಡು ನಿಮ್ಮದೇ ತಗೊಂಡು ಹೋಗಿ. ಅಂಗಡಿಯ ಪಟ್ಟಿಯಲ್ಲಿರುವ ಹಾಡುಗಳು ಯಾವ ಸ್ಪೀಕರಿನಲ್ಲಾದರೂ ಚೆನ್ನಾಗಿ ಕೇಳುವಂಥವು, ಅದಕ್ಕೇ ಅವು ಅಲ್ಲಿರೋದು.

ಒಂದೇ ಗಂಟೆಯಲ್ಲಿ ಆರು ಜೊತೆ ಕೇಳಲು ಹೋಗಬೇಡಿ. ಸದ್ದಿನ ಸೂಕ್ಷ್ಮ ನೆನಪು ಕೆಲವೇ ಸೆಕೆಂಡು ಉಳಿಯುತ್ತದೆ, ಮೂರನೆಯದಕ್ಕೆ ಬರೋ ಹೊತ್ತಿಗೆ ಮೊದಲನೆಯದು ಬರೀ ಅಭಿಪ್ರಾಯವಾಗಿ ಉಳಿದಿರುತ್ತದೆ. ಎರಡು ಜೊತೆ ಸಾಕು. ಕೊನೆಯ ಹತ್ತು ನಿಮಿಷ ಉಳಿಸಿಕೊಂಡು ಮೊದಲು ಕೇಳಿದ್ದನ್ನು ಇನ್ನೊಮ್ಮೆ ಹಾಕಿಸಿ, ಈ ಸಲ ಕಣ್ಣು ಮುಚ್ಚಿಕೊಂಡು. ಹೊರಡುವಾಗ ಆ ಡೆಮೊ ಪೀಸನ್ನೇ ಯಾವಾಗ ಮಾರುತ್ತೀರಿ, ಎಷ್ಟಕ್ಕೆ ಕೊಡುತ್ತೀರಿ ಅಂತ ಒಂದು ಮಾತು ಕೇಳಿಬಿಡಿ.